ದುರ್ಬಲ ಹೃದಯ, ಮುಚ್ಚಿದ ರಕ್ತನಾಳ: ಬೈಪಾಸ್ ಬೇಕೇ, ಸ್ಟೆಂಟ್ ಬೇಕೇ, ಮಾತ್ರೆ ಸಾಕೇ?

ಹೃದಯ ವೈಫಲ್ಯವೂ ಇದೆ, ಹೃದಯದ ರಕ್ತನಾಳಗಳಲ್ಲಿ ಬ್ಲಾಕ್ ಕೂಡ ಇದೆ. ಆ ಬ್ಲಾಕ್ ತೆಗೆಸಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಬೇರೆ ಬೇರೆ ಬಗೆಯಲ್ಲಿ ಕೇಳಿದ ಪತ್ರಗಳು ಸಾಕಷ್ಟು ಬಂದಿರುವುದರಿಂದ ಈ ಸಲದ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿ, ಹೆಸರುಗಳನ್ನು ಕೈಬಿಡಲಾಗಿದೆ. ಇಲ್ಲಿನ ಉತ್ತರಗಳನ್ನು ನಿಮ್ಮ ವೈದ್ಯರೊಡನೆ ಮಾತನಾಡುವಾಗ ಬಳಸಿಕೊಳ್ಳಿ. ರೋಗಿಯನ್ನು ಕಣ್ಣಾರೆ ಪರೀಕ್ಷಿಸಿದವರ ಸಲಹೆಯನ್ನು ಬದಿಗಿಡಲು ಬಳಸಬೇಡಿ.

ಪ್ರಶ್ನೆ: ನಮ್ಮ ತಂದೆಯವರಿಗೆ 61 ವರ್ಷ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಈಚೆಗೆ ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತಿತ್ತು, ಸಂಜೆಯ ಹೊತ್ತಿಗೆ ಕಾಲು ಊದಿಕೊಳ್ಳುತ್ತಿತ್ತು. ಎದೆನೋವು ಮಾತ್ರ ಎಂದೂ ಬಂದಿಲ್ಲ. ಎಕೋದಲ್ಲಿ ಪಂಪಿಂಗ್ ಶೇ 30 ಇದೆ, ಆಂಜಿಯೋಗ್ರಾಂನಲ್ಲಿ ಮೂರೂ ರಕ್ತನಾಳಗಳಲ್ಲಿ ಬ್ಲಾಕ್ ಕಂಡಿದೆ. ಒಬ್ಬ ವೈದ್ಯರು ಬೈಪಾಸ್ ಮಾಡಿಸಿ ಎನ್ನುತ್ತಾರೆ. ಇನ್ನೊಬ್ಬರು ಇಷ್ಟು ದುರ್ಬಲ ಹೃದಯಕ್ಕೆ ಆಪರೇಷನ್ ಅಪಾಯ, ಮಾತ್ರೆಯಲ್ಲೇ ನೋಡೋಣ ಎನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಇಬ್ಬರೂ ತಪ್ಪು ಹೇಳುತ್ತಿಲ್ಲ. ಒಬ್ಬರ ಗಮನ ಮುಂದಿನ ಹತ್ತು ವರ್ಷಗಳ ಮೇಲಿದೆ, ಇನ್ನೊಬ್ಬರದು ಮುಂದಿನ ಒಂದು ತಿಂಗಳಿನ ಮೇಲೆ. ನಿಮ್ಮ ತಂದೆಯವರ ವಯಸ್ಸು, ಸಕ್ಕರೆ ಕಾಯಿಲೆ, ಮೂರೂ ರಕ್ತನಾಳಗಳ ಬ್ಲಾಕ್ ಇವುಗಳನ್ನು ಒಟ್ಟಿಗೆ ನೋಡಿದಾಗ ನನ್ನ ಒಲವು ಬೈಪಾಸ್ ಕಡೆಗೇ ಇದೆ. ಆದರೆ ಅದರಿಂದ ಸಿಗುವ ಲಾಭ ಯಾವಾಗ ಸಿಗುತ್ತದೆ, ಅದಕ್ಕೆ ಮೊದಲೇ ತೆರಬೇಕಾದ ಬೆಲೆ ಏನು ಎಂಬುದನ್ನು ತಿಳಿದುಕೊಂಡೇ ಒಪ್ಪಿಗೆ ಕೊಡಿ.

ಮೊದಲು ಆ ಶೇ 30ರ ಬಗ್ಗೆ ಒಂದು ಮಾತು, ಏಕೆಂದರೆ ಈ ಅಂಕಿಯನ್ನು ಕಂಡು ಬಹಳ ಕುಟುಂಬಗಳು ಅಗತ್ಯಕ್ಕಿಂತ ಹೆಚ್ಚು ಹೆದರುತ್ತವೆ. ದೇಹಕ್ಕೆ ರಕ್ತ ತಳ್ಳುವ ಎಡ ಹೃತ್ಕುಕ್ಷಿ ಎಂಬ ಹೃದಯದ ಕೋಣೆಯಲ್ಲಿ ತುಂಬಿಕೊಂಡ ರಕ್ತದಲ್ಲಿ ಎಷ್ಟು ಪಾಲು ಒಂದು ಬಡಿತಕ್ಕೆ ಹೊರಹೋಗುತ್ತದೆ ಎಂಬುದನ್ನು ಅದು ಹೇಳುತ್ತದೆ. ಸಂಪೂರ್ಣ ಆರೋಗ್ಯವಂತರಲ್ಲೂ ಅದು ನೂರು ಇರುವುದಿಲ್ಲ, ಸುಮಾರು 55ರಿಂದ 70ರ ಒಳಗಿರುತ್ತದೆ. ಹಾಗಾಗಿ 30 ಎಂದರೆ ಹೃದಯದ ಎಪ್ಪತ್ತು ಭಾಗ ಸತ್ತುಹೋಗಿದೆ ಎಂದಲ್ಲ. ಇರಬೇಕಾದುದರ ಅರ್ಧದಷ್ಟಕ್ಕೆ ಇಳಿದಿದೆ ಎಂದು. ಇನ್ನು ಎದೆನೋವು ಇಲ್ಲದಿರುವುದು ಸಮಾಧಾನದ ಸಂಗತಿಯಲ್ಲ. ಬಹುಕಾಲದ ಸಕ್ಕರೆ ಕಾಯಿಲೆ ನೋವನ್ನು ತಿಳಿಸುವ ನರಗಳನ್ನೇ ಮಂದಗೊಳಿಸುವುದರಿಂದ, ಅಂಥವರಲ್ಲಿ ರಕ್ತದ ಕೊರತೆ ನೋವಾಗಿ ಕಾಣಿಸದೆ ದಮ್ಮಾಗಿಯೋ ದಣಿವಾಗಿಯೋ ಕಾಣಿಸಿಕೊಳ್ಳುವುದುಂಟು.

ನಿಮ್ಮ ತಂದೆಯವರಂಥ ರೋಗಿಗಳ ಕುರಿತು ನಮ್ಮಲ್ಲಿರುವ ಅತ್ಯಂತ ಮುಖ್ಯ ಆಧಾರ ಸ್ಟಿಚ್ ಎಂಬ ಅಧ್ಯಯನ. ಪಂಪಿಂಗ್ ಶೇ 35 ಅಥವಾ ಅದಕ್ಕಿಂತ ಕಡಿಮೆ ಇದ್ದು, ಬೈಪಾಸ್‌ಗೆ ತಕ್ಕ ಬ್ಲಾಕ್‌ಗಳಿದ್ದ 1,212 ಜನರನ್ನು 22 ದೇಶಗಳಿಂದ ಆರಿಸಿ, ಅರ್ಧದಷ್ಟು ಜನರಿಗೆ ಔಷಧಿ ಮಾತ್ರ, ಉಳಿದವರಿಗೆ ಔಷಧಿಯ ಜೊತೆಗೆ ಬೈಪಾಸ್ ಎಂದು ಚೀಟಿ ಎತ್ತಿದಂತೆ ಹಂಚಲಾಯಿತು. 2011ರಲ್ಲಿ ಮೊದಲ ಫಲಿತಾಂಶ ಬಂದಾಗ, ಅಂದರೆ ಸರಾಸರಿ ಐದು ವರ್ಷಗಳ ಹತ್ತಿರಕ್ಕೆ, ಔಷಧಿ ಗುಂಪಿನಲ್ಲಿ ಶೇ 41, ಬೈಪಾಸ್ ಗುಂಪಿನಲ್ಲಿ ಶೇ 36 ಮಂದಿ ತೀರಿಕೊಂಡಿದ್ದರು; ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು ಎಂಬ ಅನುಮಾನ ಉಳಿದಿತ್ತು. ಸಂಶೋಧಕರು ಅಲ್ಲಿಗೆ ನಿಲ್ಲಿಸದೆ ಅದೇ ರೋಗಿಗಳನ್ನು ಸುಮಾರು ಹತ್ತು ವರ್ಷ ಹಿಂಬಾಲಿಸಿದರು. 2016ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಔಷಧಿ ಗುಂಪಿನ ಸಾವು ಶೇ 66.1, ಬೈಪಾಸ್ ಗುಂಪಿನದು ಶೇ 58.9. ಈ ಸಲ ಅನುಮಾನಕ್ಕೆ ಎಡೆಯಿರಲಿಲ್ಲ. ಬದುಕಿದ ಕಾಲದ ಮಧ್ಯಮಾನವನ್ನು, ಅಂದರೆ ಅರ್ಧದಷ್ಟು ಮಂದಿ ದಾಟಿದ ಕಾಲವನ್ನು, ತೆಗೆದುಕೊಂಡರೆ ಬೈಪಾಸ್‌ನಿಂದ ಸಿಕ್ಕಿದ್ದು ಸುಮಾರು ಒಂದೂವರೆ ವರ್ಷದ ಹೆಚ್ಚುವರಿ ಆಯಸ್ಸು. ಅದೇ ಅಂಕಿಗಳು ಇನ್ನೊಂದು ಮಾತನ್ನೂ ಹೇಳುತ್ತವೆ: ಬೈಪಾಸ್ ಆದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಹತ್ತು ವರ್ಷ ದಾಟಲಿಲ್ಲ. ಇದು ಗಂಭೀರ ಕಾಯಿಲೆ. ಶಸ್ತ್ರಚಿಕಿತ್ಸೆ ಅದನ್ನು ಗುಣಪಡಿಸುವುದಿಲ್ಲ, ಅದರ ವೇಗವನ್ನು ತಗ್ಗಿಸುತ್ತದೆ.

ಎರಡನೆಯ ವೈದ್ಯರ ಆತಂಕಕ್ಕೂ ಇದೇ ಅಧ್ಯಯನದಲ್ಲಿ ಆಧಾರವಿದೆ. ಮೊದಲ ಮೂವತ್ತು ದಿನಗಳಲ್ಲಿ ಬೈಪಾಸ್ ಗುಂಪಿನಲ್ಲಿ ನೂರಕ್ಕೆ ಸುಮಾರು ನಾಲ್ಕು ಮಂದಿ, ಔಷಧಿ ಗುಂಪಿನಲ್ಲಿ ನೂರಕ್ಕೆ ಸುಮಾರು ಒಬ್ಬರು ತೀರಿಕೊಂಡರು. ಆ ಆರಂಭದ ನಷ್ಟ ತುಂಬಿ ಬಂದು ಬೈಪಾಸ್ ಗುಂಪು ಮುಂದೆ ಸಾಗಲು ಸುಮಾರು ಎರಡು ವರ್ಷ ಹಿಡಿಯಿತು. ಹಾಗಾಗಿ ಲಾಭವನ್ನು ಅನುಭವಿಸಲು ರೋಗಿ ಅಷ್ಟು ಕಾಲ ಬದುಕಿರುವ ಸಾಧ್ಯತೆ ಚೆನ್ನಾಗಿರಬೇಕು. ಕಿಡ್ನಿ ತೀರ ಹಾಳಾಗಿದ್ದರೆ, ಶ್ವಾಸಕೋಶ ಸೋತಿದ್ದರೆ, ಬೇರೊಂದು ದೊಡ್ಡ ಕಾಯಿಲೆ ಆಯಸ್ಸನ್ನು ಮೊದಲೇ ಮಿತಿಗೊಳಿಸಿದ್ದರೆ ಈ ಲೆಕ್ಕ ಬದಲಾಗುತ್ತದೆ. ವಯಸ್ಸು ಕಡಿಮೆ ಇದ್ದವರಲ್ಲಿ ಒಟ್ಟು ಸಾವಿನ ಲೆಕ್ಕದಲ್ಲಿ ಬೈಪಾಸ್‌ನ ಲಾಭ ಹೆಚ್ಚು ಕಂಡಿತು. ವಯಸ್ಸಾದವರಲ್ಲಿ ಇತರ ಕಾಯಿಲೆಗಳಿಂದ ಆಗುವ ಸಾವು ಆ ಲಾಭವನ್ನು ತಿಂದುಹಾಕಿತು. ಸ್ಟಿಚ್‌ನ ರೋಗಿಗಳ ವಯಸ್ಸಿನ ಮಧ್ಯಮಾನ ಸುಮಾರು ಅರವತ್ತು, ಅಂದರೆ ನಿಮ್ಮ ತಂದೆಯವರ ವಯಸ್ಸೇ.

ಬೈಪಾಸ್ ಹೀಗೆ ನಿಧಾನವಾಗಿ, ಆದರೆ ದೀರ್ಘಕಾಲ ಕಾಪಾಡುವುದು ಏಕೆಂದು ಕೇಳಬಹುದು. ಶಸ್ತ್ರಚಿಕಿತ್ಸಕರು ಎದೆಮೂಳೆಯ ಹಿಂಬದಿಯಲ್ಲಿ ಹಾದುಹೋಗುವ ಒಂದು ಅಪಧಮನಿಯನ್ನು ಬಿಡಿಸಿಕೊಂಡು, ಅದರ ತುದಿಯನ್ನು ಹೃದಯದ ಮುಂಭಾಗದ ಮುಖ್ಯ ರಕ್ತನಾಳಕ್ಕೆ, ಬ್ಲಾಕ್ ಇರುವ ಜಾಗವನ್ನು ದಾಟಿ ಕೆಳಗೆ, ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯುತ್ತಾರೆ. ಈ ಜೋಡಣೆ ಹತ್ತು ವರ್ಷಗಳ ನಂತರವೂ ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ತೆರೆದೇ ಇರುತ್ತದೆ. ಕಾಲಿನಿಂದ ತೆಗೆದು ಜೋಡಿಸಿದ ಅಭಿಧಮನಿಗಳ ಬಾಳಿಕೆ ಅದಕ್ಕಿಂತ ಬಹಳ ಕಡಿಮೆ. ಮುಖ್ಯ ಸಂಗತಿ ಏನೆಂದರೆ, ಹೊಲಿಗೆಯ ಮೇಲ್ಭಾಗದಲ್ಲಿ ನಾಳೆ ಹೊಸದೊಂದು ಬ್ಲಾಕ್ ಒಡೆದು ರಕ್ತ ಹೆಪ್ಪುಗಟ್ಟಿದರೂ ಕೆಳಗಿನ ಸ್ನಾಯುವಿಗೆ ರಕ್ತ ಬೇರೆ ದಾರಿಯಲ್ಲಿ ಬರುತ್ತಲೇ ಇರುತ್ತದೆ. ಮತ್ತೊಂದು ಹೃದಯಾಘಾತವನ್ನು ತಡೆದುಕೊಳ್ಳುವ ಶಕ್ತಿ ದುರ್ಬಲ ಹೃದಯಕ್ಕೆ ಇಲ್ಲವಾದ್ದರಿಂದ, ಈ ರಕ್ಷಣೆಯೇ ಬೈಪಾಸ್‌ನ ಲಾಭದ ದೊಡ್ಡ ಪಾಲೆಂದು ನಾನು ಭಾವಿಸುತ್ತೇನೆ.

ಕಾಲಿನ ಊತ, ಶ್ವಾಸಕೋಶದ ನೀರು ಇಳಿದು, ಹೃದಯ ವೈಫಲ್ಯದ ಮಾತ್ರೆಗಳು ಶುರುವಾಗಿ, ಸಕ್ಕರೆ ಹಿಡಿತಕ್ಕೆ ಬಂದ ಮೇಲೆ ಮಾಡುವ ಬೈಪಾಸ್‌ಗೂ, ದಮ್ಮು ಕಟ್ಟುತ್ತಿರುವಾಗಲೇ ಅವಸರದಲ್ಲಿ ಮಾಡುವ ಬೈಪಾಸ್‌ಗೂ ಅಪಾಯದಲ್ಲಿ ಅಜಗಜಾಂತರ. ಆದ್ದರಿಂದ ಹೃದ್ರೋಗ ತಜ್ಞರು, ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು ಒಟ್ಟಿಗೆ ಕುಳಿತು ವರದಿಗಳನ್ನು ನೋಡುವಂತೆ ಕೇಳಿಕೊಳ್ಳಿ. ಶಸ್ತ್ರಚಿಕಿತ್ಸಕರಿಗೆ ಕೇಳಬೇಕಾದ ನೇರ ಪ್ರಶ್ನೆಗಳು ಎರಡು: ಬ್ಲಾಕ್ ದಾಟಿದ ಮೇಲೆ ರಕ್ತನಾಳಗಳು ಹೊಲಿಯುವಷ್ಟು ದಪ್ಪ ಇವೆಯೇ? ಇವರದೇ ವಯಸ್ಸು, ಕಿಡ್ನಿ, ಶ್ವಾಸಕೋಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆಪರೇಷನ್‌ನ ಅಪಾಯ ನೂರಕ್ಕೆ ಎಷ್ಟು? ಸಕ್ಕರೆಗೆಂದು ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ದೊಡ್ಡ ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮೊದಲು ನಿಲ್ಲಿಸುವ ಕ್ರಮವಿದೆ. ರಕ್ತ ತೆಳುವಾಗಿಸುವ ಕ್ಲೊಪಿಡೊಗ್ರೆಲ್ ಮಾತ್ರೆ ಇದ್ದರೆ ಸಾಮಾನ್ಯವಾಗಿ ಐದು ದಿನ ಮೊದಲು. ಇವೆರಡನ್ನೂ ತಂಡದವರ ಗಮನಕ್ಕೆ ತನ್ನಿ, ನೀವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ: ನಮ್ಮ ಯಜಮಾನರಿಗೆ 74 ವರ್ಷ, ಪಂಪಿಂಗ್ ಶೇ 28. ಕಿಡ್ನಿಯೂ ಸ್ವಲ್ಪ ದುರ್ಬಲವಾಗಿದೆ. ಬೈಪಾಸ್ ತಡೆದುಕೊಳ್ಳುವುದಿಲ್ಲ, ಎರಡು ಸ್ಟೆಂಟ್ ಹಾಕೋಣ ಎಂದು ಹೇಳಿದ್ದಾರೆ. ಹೃದಯ ವೈಫಲ್ಯ ಇದ್ದವರಿಗೆ ಸ್ಟೆಂಟ್‌ನಿಂದ ಪ್ರಯೋಜನವೇ ಇಲ್ಲವೆಂದು ಓದಿದೆ. ಹಾಗಾದರೆ ಏಕೆ ಹಾಕುತ್ತಾರೆ?

ಉತ್ತರ: ನೀವು ಓದಿದ್ದು ಬಹುಶಃ ರಿವೈವ್ಡ್ ಎಂಬ ಬ್ರಿಟಿಷ್ ಅಧ್ಯಯನದ ವಿಚಾರ. 2022ರಲ್ಲಿ ಅದರ ಫಲಿತಾಂಶ ಬಂತು. ಪಂಪಿಂಗ್ ಶೇ 35 ಅಥವಾ ಕಡಿಮೆ ಇದ್ದು, ವ್ಯಾಪಕವಾದ ಬ್ಲಾಕ್‌ಗಳಿದ್ದು, ಸ್ಟೆಂಟ್ ಹಾಕಲು ಸಾಧ್ಯವಿರುವ ಜಾಗದಲ್ಲಿ ಸ್ನಾಯು ಇನ್ನೂ ಜೀವಂತವಾಗಿದೆ ಎಂದು ಪರೀಕ್ಷೆಯಲ್ಲಿ ಕಂಡುಬಂದ 700 ಜನರನ್ನು 40 ಆಸ್ಪತ್ರೆಗಳಿಂದ ಸೇರಿಸಿಕೊಂಡು, ಒಂದು ಗುಂಪಿಗೆ ಉತ್ತಮ ಔಷಧಿ ಮಾತ್ರ, ಇನ್ನೊಂದು ಗುಂಪಿಗೆ ಅದರ ಜೊತೆಗೆ ಸ್ಟೆಂಟ್ ಕೊಡಲಾಯಿತು. ಸುಮಾರು ಮೂರೂವರೆ ವರ್ಷಗಳಲ್ಲಿ, ತೀರಿಕೊಂಡವರು ಅಥವಾ ಹೃದಯ ವೈಫಲ್ಯದಿಂದ ಮತ್ತೆ ಆಸ್ಪತ್ರೆ ಸೇರಿದವರು ಸ್ಟೆಂಟ್ ಗುಂಪಿನಲ್ಲಿ ಶೇ 37.2, ಔಷಧಿ ಗುಂಪಿನಲ್ಲಿ ಶೇ 38. ಎರಡೂ ಒಂದೇ ಎನ್ನಬಹುದು. ಆರು ತಿಂಗಳು, ಒಂದು ವರ್ಷ ಕಳೆದ ಮೇಲೆ ಎಕೋ ಮಾಡಿದಾಗಲೂ ಪಂಪಿಂಗ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. ದಿನನಿತ್ಯದ ಜೀವನದ ಗುಣಮಟ್ಟ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಮೊದಲ ವರ್ಷ ಸ್ವಲ್ಪ ಮೇಲಿತ್ತು, ಎರಡನೆಯ ವರ್ಷದ ಹೊತ್ತಿಗೆ ಆ ಅಂತರವೂ ಕರಗಿತು.

ನಾನು ಈ ಫಲಿತಾಂಶವನ್ನು ತುಂಬ ಗೌರವದಿಂದ ನೋಡುತ್ತೇನೆ, ಏಕೆಂದರೆ ಮುಚ್ಚಿದ್ದನ್ನು ತೆರೆದರೆ ಹೃದಯ ಚೇತರಿಸಿಕೊಳ್ಳಲೇಬೇಕು ಎಂಬ, ಕೇಳಲು ಅತ್ಯಂತ ಸಹಜವಾದ ನಂಬಿಕೆಯನ್ನು ಅದು ಪರೀಕ್ಷೆಗೆ ಒಡ್ಡಿತು. ಹಾಗೆಂದು ಅದರ ಮಾತನ್ನು ಅದು ಹೇಳದ ಕಡೆಗೂ ಹಿಗ್ಗಿಸಬಾರದು. ನಾಲ್ಕು ವಾರಗಳ ಒಳಗೆ ಹೃದಯಾಘಾತ ಆದವರು ಆ ಅಧ್ಯಯನದಲ್ಲಿ ಇರಲಿಲ್ಲ. ಸೇರಿದವರಲ್ಲಿ ಹೆಚ್ಚಿನವರಿಗೆ ಎದೆನೋವೇ ಇರಲಿಲ್ಲ. ಹೃದಯಾಘಾತ ನಡೆಯುತ್ತಿರುವಾಗ ಸ್ಟೆಂಟ್ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಹೃದಯಾಘಾತದಿಂದ ರಕ್ತದೊತ್ತಡವೇ ಕುಸಿದು ಬಿದ್ದವರಲ್ಲಿ ಕೂಡ ತಡಮಾಡದೆ ರಕ್ತನಾಳ ತೆರೆಯುವುದು ಆರು ತಿಂಗಳ ಬದುಕನ್ನು ಸುಧಾರಿಸುತ್ತದೆಂದು 1999ರ ಶಾಕ್ ಅಧ್ಯಯನದಿಂದಲೇ ತಿಳಿದಿದೆ. ಮಾತ್ರೆಗೆ ಬಗ್ಗದ ಎದೆನೋವು ಇದ್ದರೂ ಸ್ಟೆಂಟ್‌ನಿಂದ ನೋವು ಕಡಿಮೆಯಾಗುತ್ತದೆ, ಅದೇ ಸಾಕಷ್ಟು ದೊಡ್ಡ ಕಾರಣ. ಎಡಭಾಗದ ಮೂಲ ರಕ್ತನಾಳದಲ್ಲಿ ತೀವ್ರವಾದ ಬ್ಲಾಕ್ ಇದ್ದಾಗಲೂ ವೈದ್ಯರು ಬೇರೆಯಾಗಿಯೇ ಯೋಚಿಸುತ್ತಾರೆ.

ನಿಮ್ಮ ಪತ್ರದಲ್ಲಿ ಯಜಮಾನರಿಗೆ ಎದೆನೋವು ಇದೆಯೋ ಇಲ್ಲವೋ ಎಂಬುದನ್ನು ಬರೆದಿಲ್ಲ. ನಿರ್ಧಾರ ನಿಂತಿರುವುದು ಅದರ ಮೇಲೆಯೇ. ನೋವಿಲ್ಲದೆ, ಸ್ಥಿತಿ ಸ್ಥಿರವಾಗಿದ್ದು, ಬರೀ ದಮ್ಮು ಮಾತ್ರ ಇದ್ದರೆ, ಈ ಸ್ಟೆಂಟ್‌ನಿಂದ ಇವರಿಗೆ ಏನು ಸಿಗಬೇಕೆಂದು ನೀವು ಎದುರು ನೋಡುತ್ತಿದ್ದೀರಿ ಎಂದು ವೈದ್ಯರನ್ನು ವಿನಯದಿಂದ ಕೇಳಿ. ಹಾಗೆ ಕೇಳುವುದು ಅವರ ಮೇಲಿನ ಅಪನಂಬಿಕೆಯಲ್ಲ. ಒಳ್ಳೆಯ ವೈದ್ಯರು ಆ ಪ್ರಶ್ನೆಯನ್ನು ಸ್ವಾಗತಿಸುತ್ತಾರೆ. ಕಿಡ್ನಿ ದುರ್ಬಲವಾಗಿರುವವರಲ್ಲಿ ಆಂಜಿಯೋಪ್ಲಾಸ್ಟಿಗೆ, ಅಂದರೆ ಸ್ಟೆಂಟ್ ಹಾಕುವಾಗ, ಬಳಸುವ ಬಣ್ಣದ ದ್ರವ ಕಿಡ್ನಿಯನ್ನು ಇನ್ನಷ್ಟು ಕುಗ್ಗಿಸಬಹುದು. ಸಾಮಾನ್ಯ ರೋಗಿಗೆ ಅದನ್ನು ತಡೆಯಲು ಸಲೈನ್ ಏರಿಸುತ್ತಾರೆ, ಹೃದಯ ವೈಫಲ್ಯದವರಿಗೆ ಆ ಸಲೈನೇ ಶ್ವಾಸಕೋಶಕ್ಕೆ ನೀರು ತುಂಬಿಸಬಲ್ಲುದು. ಹೀಗಾಗಿ ಸ್ಟೆಂಟ್ ಹಾಕುವುದೇ ನಿಶ್ಚಯವಾದರೆ ಅತಿ ಕಡಿಮೆ ದ್ರವದಲ್ಲಿ, ಬೇಕಿದ್ದರೆ ಎರಡು ಕಂತುಗಳಲ್ಲಿ ಮಾಡಲಾಗುವುದೇ ಎಂದು ವಿಚಾರಿಸಿ.

ಇದೇ ವಿಷಯದಲ್ಲಿ ಕೆಲವರು, ಬೈಪಾಸ್‌ನಿಂದ ಆಯಸ್ಸು ಹೆಚ್ಚುವುದಾದರೆ ಸ್ಟೆಂಟ್‌ನಿಂದ ಏಕಿಲ್ಲ ಎಂದು ಕೇಳಿದ್ದಾರೆ. ಸ್ಟೆಂಟ್ ತಾನು ಕೂತ ಜಾಗವನ್ನಷ್ಟೇ ತೆರೆದಿಡುತ್ತದೆ, ಬೈಪಾಸ್ ಮೇಲಿನ ಇಡೀ ಭಾಗವನ್ನು ದಾಟಿ ರಕ್ತ ಒದಗಿಸುತ್ತದೆ ಎಂಬುದು ಒಂದು ಕಾರಣ. ಸ್ಟಿಚ್ ಕಾಲದ ಔಷಧಿಗಳಿಗಿಂತ ರಿವೈವ್ಡ್ ಕಾಲದ ಔಷಧಿಗಳು ಉತ್ತಮವಾಗಿದ್ದವು, ರೋಗಿಗಳೂ ಸುಮಾರು ಹತ್ತು ವರ್ಷ ಹಿರಿಯರು, ಕಾದು ನೋಡಿದ ಕಾಲವೂ ಕಡಿಮೆ ಎಂಬುದನ್ನೂ ಮರೆಯಬಾರದು; ಸ್ಟಿಚ್‌ನಲ್ಲಿ ಕೂಡ ಮೂರೂವರೆ ವರ್ಷಕ್ಕೆ ನಿಲ್ಲಿಸಿದ್ದರೆ ಬೈಪಾಸ್ ಗೆದ್ದಿತೆಂದು ಯಾರೂ ಹೇಳುತ್ತಿರಲಿಲ್ಲ.

ಪ್ರಶ್ನೆ: ಬೈಪಾಸ್‌ಗೆ ಮೊದಲು ಹೃದಯದ ಸ್ನಾಯು ಬದುಕಿದೆಯೋ ಸತ್ತಿದೆಯೋ ಎಂದು ನೋಡಲು ಪೆಟ್ ಸ್ಕ್ಯಾನ್ ಅಥವಾ ಎಂಆರ್‌ಐ ಮಾಡಿಸಲೇಬೇಕೇ? ಸ್ನಾಯು ಸತ್ತಿದ್ದರೆ ಆಪರೇಷನ್ ವ್ಯರ್ಥ ಎನ್ನುತ್ತಾರೆ.

ಉತ್ತರ: ಈ ವಿಚಾರದಲ್ಲಿ ವೈದ್ಯಕೀಯ ತಿಳಿವಳಿಕೆಯೇ ಕಳೆದ ಹದಿನೈದು ವರ್ಷಗಳಲ್ಲಿ ಬಹಳ ಬದಲಾಗಿದೆ. ರಕ್ತ ಸಾಲದಾದಾಗ ಹೃದಯದ ಸ್ನಾಯು ಸಾಯದೆ, ಚಳಿಗಾಲದಲ್ಲಿ ನಿದ್ದೆಹೋಗುವ ಪ್ರಾಣಿಯಂತೆ ತನ್ನ ಕೆಲಸವನ್ನು ತಗ್ಗಿಸಿಕೊಂಡು ಜೀವ ಹಿಡಿದಿರಬಲ್ಲುದು ಎಂಬ ವಿಚಾರವನ್ನು 1980ರ ದಶಕದಲ್ಲಿ ಹೃದ್ರೋಗ ತಜ್ಞ ಶಹಬುದ್ದೀನ್ ರಹಿಮ್‌ತೂಲಾ ಅವರು ಜನಪ್ರಿಯಗೊಳಿಸಿದರು. ಎಕೋ ತೆರೆಯ ಮೇಲೆ ಇದನ್ನು ಸ್ವಲ್ಪ ಮಟ್ಟಿಗೆ ಕಾಣಬಹುದು. ಆರೋಗ್ಯವಂತ ಗೋಡೆ ಪ್ರತಿ ಬಡಿತಕ್ಕೂ ಒಳಕ್ಕೆ ಸರಿಯುವುದಷ್ಟೇ ಅಲ್ಲ, ದಪ್ಪವೂ ಆಗುತ್ತದೆ. ಪೂರ್ತಿ ಸತ್ತು ಗಾಯದ ಕಲೆಯಾದ ಗೋಡೆ ತೆಳ್ಳಗಾಗಿ, ಬೆಳ್ಳಗೆ ಹೊಳೆಯುತ್ತ, ಪಕ್ಕದ ಸ್ನಾಯು ಎಳೆದತ್ತ ಸುಮ್ಮನೆ ಹೋಗಿಬರುತ್ತದೆ. ಇವೆರಡರ ನಡುವೆ, ದಪ್ಪ ಉಳಿಸಿಕೊಂಡಿದ್ದರೂ ಅಲುಗದೆ ನಿಂತಿರುವ ಗೋಡೆಯಲ್ಲಿ ಜೀವ ಉಳಿದಿರುವ ಸಂಭವ ಹೆಚ್ಚು. ಅಂಥ ಸ್ನಾಯುವಿಗೆ ರಕ್ತ ಕೊಟ್ಟರೆ ಅದು ಎಚ್ಚೆತ್ತು ಕೆಲಸ ಮಾಡುತ್ತದೆ, ರೋಗಿ ಹೆಚ್ಚು ಕಾಲ ಬದುಕುತ್ತಾನೆ ಎಂಬುದು ತರ್ಕ.

ತರ್ಕ ಸೊಗಸಾಗಿದ್ದರೂ ಪರೀಕ್ಷೆಯಲ್ಲಿ ಅದು ನಿರೀಕ್ಷಿಸಿದಷ್ಟು ನಿಲ್ಲಲಿಲ್ಲ. ಸ್ಟಿಚ್‌ನ 601 ರೋಗಿಗಳಲ್ಲಿ ಈ ಪರೀಕ್ಷೆಗಳನ್ನು ಮಾಡಿ ನೋಡಿದಾಗ, ಜೀವಂತ ಸ್ನಾಯು ಇದ್ದವರಿಗೆ ಬೈಪಾಸ್‌ನಿಂದ ಹೆಚ್ಚು ಲಾಭ, ಇಲ್ಲದವರಿಗೆ ಕಡಿಮೆ ಎಂಬ ವ್ಯತ್ಯಾಸ ಸಿಗಲಿಲ್ಲ. ಹತ್ತು ವರ್ಷಗಳ ಲೆಕ್ಕದಲ್ಲೂ ಸಿಗಲಿಲ್ಲ. ಜೀವಂತ ಸ್ನಾಯು ಇದ್ದವರ ಪಂಪಿಂಗ್ ಸುಧಾರಿಸಿದ್ದು ನಿಜ, ಆದರೆ ಬೈಪಾಸ್ ಆದವರಲ್ಲೂ ಔಷಧಿ ಮಾತ್ರ ತೆಗೆದುಕೊಂಡವರಲ್ಲೂ ಅದು ಸುಧಾರಿಸಿತು. ರಿವೈವ್ಡ್‌ನಲ್ಲೂ ಹಾಗೆಯೇ: ಜೀವಂತ ಸ್ನಾಯು ಎಷ್ಟಿದೆ ಎಂಬುದಕ್ಕಿಂತ ಗಾಯದ ಕಲೆ ಎಷ್ಟಿದೆ ಎಂಬುದು ಮುಂದಿನ ಬದುಕಿನ ಬಗ್ಗೆ ಹೆಚ್ಚು ತಿಳಿಸಿತು. ಆದ್ದರಿಂದ ಸ್ಕ್ಯಾನ್‌ನ ಒಂದು ವರದಿಯ ಆಧಾರದಿಂದಲೇ ಬೈಪಾಸ್ ಬೇಡವೆಂದು ಕೈಬಿಡುವುದನ್ನು ಈಗ ನಾನು ಒಪ್ಪುವುದಿಲ್ಲ, ಹಾಗೆಯೇ ವರದಿ ಚೆನ್ನಾಗಿದೆ ಎಂಬ ಕಾರಣಕ್ಕೇ ಸ್ಟೆಂಟ್ ಹಾಕಿಸುವುದನ್ನೂ. ಎಂಆರ್‌ಐಗೆ ಬೇರೆ ಉಪಯೋಗಗಳಿವೆ. ಬ್ಲಾಕ್‌ಗಳು ಚಿಕ್ಕವಾಗಿದ್ದು ಹೃದಯ ಮಾತ್ರ ಬಹಳ ಸೋತಿದ್ದರೆ, ವೈಫಲ್ಯಕ್ಕೆ ಕಾರಣ ಬ್ಲಾಕೇ ಅಥವಾ ಸ್ನಾಯುವಿನ ಬೇರೊಂದು ಕಾಯಿಲೆಯೇ ಎಂಬುದನ್ನು ಗಾಯದ ಕಲೆಯ ವಿನ್ಯಾಸ ನೋಡಿ ಗುರುತಿಸಬಹುದು. ಆ ಅನುಮಾನ ಇದ್ದಲ್ಲಿ ಖಂಡಿತ ಮಾಡಿಸಿ.

ಪ್ರಶ್ನೆ: ನನಗೆ ನಾಲ್ಕು ಬಗೆಯ ಮಾತ್ರೆ ಶುರುಮಾಡಿ, ಮೂರು ತಿಂಗಳು ಬಿಟ್ಟು ಮತ್ತೆ ಎಕೋ ಮಾಡೋಣ ಎಂದಿದ್ದಾರೆ. ಬ್ಲಾಕ್ ಇಟ್ಟುಕೊಂಡು ಮೂರು ತಿಂಗಳು ಕಾಯುವುದು ಸರಿಯೇ? ರಕ್ತದೊತ್ತಡ 100ರ ಆಸುಪಾಸಿನಲ್ಲಿದೆ, ಮಾತ್ರೆ ತೆಗೆದುಕೊಳ್ಳಲು ಭಯವಾಗುತ್ತದೆ.

ಉತ್ತರ: ನೀವು ಕಾಯುತ್ತಿಲ್ಲ, ಚಿಕಿತ್ಸೆ ಪಡೆಯುತ್ತಿದ್ದೀರಿ. ಆಪರೇಷನ್ ಆಗುವವರೆಗೆ ತಳ್ಳಿಕೊಂಡು ಹೋಗಲು ಕೊಡುವ ಮಾತ್ರೆ ಎಂಬ ಭಾವನೆ ಎಷ್ಟೋ ಜನರಲ್ಲಿದೆ, ಅದರಿಂದ ಆಗುವ ಹಾನಿ ದೊಡ್ಡದು. ಪಂಪಿಂಗ್ ಕಡಿಮೆ ಇರುವ ಹೃದಯ ವೈಫಲ್ಯದಲ್ಲಿ ಬೈಸೊಪ್ರೊಲಾಲ್, ಮೆಟೊಪ್ರೊಲಾಲ್ ಬಗೆಯ ಬೀಟಾ ಬ್ಲಾಕರ್‌ಗಳು ಸಾವನ್ನು ಸುಮಾರು ಮೂರನೇ ಒಂದು ಭಾಗ ತಗ್ಗಿಸುತ್ತವೆಂದು 1999ರಲ್ಲೇ ಎರಡು ದೊಡ್ಡ ಅಧ್ಯಯನಗಳು ತೋರಿಸಿದವು. ಅದೇ ವರ್ಷ, ತೀವ್ರ ವೈಫಲ್ಯ ಇದ್ದವರಲ್ಲಿ ಸ್ಪೈರೊನೊಲ್ಯಾಕ್ಟೋನ್ ಎಂಬ ಹಳೆಯ ಮಾತ್ರೆ ಸಾವನ್ನು ಶೇ 30ರಷ್ಟು ಕಡಿಮೆ ಮಾಡಿದ್ದು ಗೊತ್ತಾಯಿತು. 2014ರಲ್ಲಿ ಸಾಕುಬಿಟ್ರಿಲ್-ವಾಲ್ಸಾರ್ಟಾನ್, ಅದಕ್ಕೆ ಮೊದಲು ಬಳಸುತ್ತಿದ್ದ ಎನಲಾಪ್ರಿಲ್‌ಗಿಂತ ಉತ್ತಮವೆಂದು ಸಾಬೀತಾಯಿತು. ಸಕ್ಕರೆ ಕಾಯಿಲೆಗೆಂದು ಬಂದ ಡಪಾಗ್ಲಿಫ್ಲೋಜಿನ್, ಸಕ್ಕರೆ ಇಲ್ಲದ ಹೃದಯ ವೈಫಲ್ಯದವರಿಗೂ ನೆರವಾಗುತ್ತದೆ ಎಂಬುದು 2019ರ ಫಲಿತಾಂಶ. ನಿಮಗೆ ಬರೆದುಕೊಟ್ಟಿರುವ ನಾಲ್ಕು ಬಗೆ ಬಹುತೇಕ ಇವೇ ಇರಬೇಕು. ಬ್ಲಾಕ್ ತೆಗೆಸಿದವರಿಗೂ ತೆಗೆಸದವರಿಗೂ ಇವು ಸಮಾನವಾಗಿ ಬೇಕು. ಬ್ಲಾಕ್‌ಗೆಂದು ಕೊಲೆಸ್ಟ್ರಾಲ್ ತಗ್ಗಿಸುವ ಸ್ಟ್ಯಾಟಿನ್ ಮತ್ತು ಆಸ್ಪಿರಿನ್ ಇವುಗಳ ಜೊತೆ ಸೇರುತ್ತವೆ.

ರಕ್ತದೊತ್ತಡ 100 ಇದ್ದು, ಎದ್ದು ನಿಂತಾಗ ತಲೆಸುತ್ತು ಬರದೆ, ಮೂತ್ರ ಸರಿಯಾಗಿ ಹೋಗುತ್ತಿದ್ದರೆ ಆ ಅಂಕಿಯೊಂದಕ್ಕೇ ಹೆದರಿ ಮಾತ್ರೆ ಬಿಡಬೇಡಿ. ತಲೆ ಸುತ್ತಿದರೆ ವೈದ್ಯರು ಮೊದಲು ನೋಡುವುದು ಊತ ಇಳಿದ ಮೇಲೂ ಮೂತ್ರದ ಮಾತ್ರೆ ಹೆಚ್ಚಾಗಿ ಹೋಗುತ್ತಿದೆಯೇ ಎಂದು. ಹಲವರಲ್ಲಿ ಅದನ್ನು ತಗ್ಗಿಸಿದರೆ ಸಾಕು, ಆಯಸ್ಸು ಕೊಡುವ ಮಾತ್ರೆಗಳು ಹಾಗೆಯೇ ಮುಂದುವರಿಯಬಹುದು. ಡೋಸ್ ಏರಿಸುವ ಪ್ರತಿ ಹಂತದ ನಂತರ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ರಕ್ತಪರೀಕ್ಷೆ ತಪ್ಪಿಸಬೇಡಿ. ಎನಲಾಪ್ರಿಲ್, ರಾಮಿಪ್ರಿಲ್ ಬಗೆಯ ಮಾತ್ರೆಯಿಂದ ಸಾಕುಬಿಟ್ರಿಲ್-ವಾಲ್ಸಾರ್ಟಾನ್‌ಗೆ ಬದಲಾಯಿಸುವಾಗ ನಡುವೆ 36 ಗಂಟೆಗಳ ಅಂತರ ಇರಲೇಬೇಕು, ಹಳೆಯ ಮಾತ್ರೆ ಮನೆಯಲ್ಲಿ ಉಳಿದಿದ್ದರೆ ತೆಗೆದು ಬೇರೆಡೆ ಇಡಿ, ಎರಡೂ ಸೇರಿದರೆ ಮುಖ, ಗಂಟಲು ಊದಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಮಂಡಿನೋವಿಗೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದವು ದೇಹದಲ್ಲಿ ಉಪ್ಪು ನೀರನ್ನು ಹಿಡಿದಿಟ್ಟು ಕಿಡ್ನಿಯನ್ನೂ ಹೃದಯವನ್ನೂ ಒಟ್ಟಿಗೆ ಕೆಡಿಸುತ್ತವೆ.

ಈ ಮೂರು ತಿಂಗಳಲ್ಲಿ ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದ ಮೇಲೆ, ತಿಂಡಿಗೆ ಮೊದಲು, ತೂಕ ನೋಡಿ ಬರೆದಿಡಿ. ಮೂರು ದಿನಗಳಲ್ಲಿ ಎರಡು ಕಿಲೋಗಿಂತ ಹೆಚ್ಚಿದರೆ ಅದು ಕೊಬ್ಬಲ್ಲ, ನೀರು. ದಮ್ಮು ಬರುವವರೆಗೆ ಕಾಯದೆ ವೈದ್ಯರಿಗೆ ತಿಳಿಸಿ. ವಿಶ್ರಾಂತಿಯಲ್ಲಿರುವಾಗಲೇ ಎದೆನೋವು, ಮಲಗಲಾಗದಷ್ಟು ದಮ್ಮು, ಎಚ್ಚರ ತಪ್ಪುವುದು ಇವುಗಳಲ್ಲಿ ಯಾವುದಾದರೂ ಆದರೆ ಮೂರು ತಿಂಗಳ ಮಾತು ಅಲ್ಲಿಗೆ ಮುಗಿಯಿತು, ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಿ.

ಪ್ರಶ್ನೆ: ಆಪರೇಷನ್ ಇಲ್ಲದೆ ಡ್ರಿಪ್ ಹಾಕಿ ಬ್ಲಾಕ್ ಕರಗಿಸುತ್ತೇವೆ, ಕಾಲಿಗೆ ಪಟ್ಟಿ ಕಟ್ಟಿ ಹೃದಯಕ್ಕೆ ಹೊಸ ರಕ್ತನಾಳ ಬೆಳೆಸುತ್ತೇವೆ ಎನ್ನುತ್ತಾರೆ. ನಂಬಬಹುದೇ?

ಉತ್ತರ: ಡ್ರಿಪ್ ಚಿಕಿತ್ಸೆಯನ್ನು ಕೀಲೇಷನ್ ಎನ್ನುತ್ತಾರೆ. ಸಕ್ಕರೆ ಕಾಯಿಲೆ ಇದ್ದು ಹಿಂದೆ ಹೃದಯಾಘಾತ ಆಗಿದ್ದ ಸುಮಾರು ಸಾವಿರ ಮಂದಿಯಲ್ಲಿ ಅದನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಹೃದಯಾಘಾತ, ಪಾರ್ಶ್ವವಾಯು, ಸಾವು ಇವು ಯಾವುವೂ ಕಡಿಮೆಯಾಗಲಿಲ್ಲ. ಕಾಲು, ತೊಡೆಗಳಿಗೆ ಗಾಳಿ ಪಟ್ಟಿ ಕಟ್ಟಿ ಹೃದಯದ ಬಡಿತಕ್ಕೆ ಸರಿಯಾಗಿ ಒತ್ತುವ ಚಿಕಿತ್ಸೆ ಬೇರೆ. ಸ್ಟೆಂಟ್, ಬೈಪಾಸ್ ಎರಡೂ ಸಾಧ್ಯವಿಲ್ಲದೆ ಎದೆನೋವಿನಿಂದ ಬಳಲುವ ಕೆಲವರಿಗೆ ಅದರಿಂದ ನೋವು ತಗ್ಗುತ್ತದೆ. ಅದು ಬ್ಲಾಕ್ ಕರಗಿಸುವುದಿಲ್ಲ, ಬೈಪಾಸ್‌ಗೆ ಬದಲಿಯೂ ಅಲ್ಲ. ಮೂರೂ ರಕ್ತನಾಳ ಮುಚ್ಚಿ ಪಂಪಿಂಗ್ ಇಳಿದವರು ಇಂಥ ಭರವಸೆಯನ್ನು ನಂಬಿ ತಿಂಗಳುಗಟ್ಟಲೆ ಕಳೆದರೆ, ಆ ಅವಧಿಯಲ್ಲಿ ಹೃದಯ ಹಿಗ್ಗಿ ಆಪರೇಷನ್‌ನ ಅಪಾಯ ಹೆಚ್ಚುತ್ತದೆ. ನನಗೆ ಇದು ನಿಜಕ್ಕೂ ಸಂಕಟ ತರುವ ವಿಚಾರ.

ಪ್ರಶ್ನೆ: ಬೈಪಾಸ್ ಆಗಿ ನಾಲ್ಕು ತಿಂಗಳಾಯಿತು. ಮೊದಲು ಶೇ 30 ಇದ್ದ ಪಂಪಿಂಗ್ ಈಗ 33. ಈಗ ಎದೆಯಲ್ಲಿ ಐಸಿಡಿ ಎಂಬ ಯಂತ್ರ ಇಡಬೇಕು ಎನ್ನುತ್ತಿದ್ದಾರೆ. ಹಾಗಾದರೆ ಆಪರೇಷನ್ ವಿಫಲವಾಯಿತೇ?

ಉತ್ತರ: ಇಲ್ಲ. ಬೈಪಾಸ್‌ನ ಲಾಭವನ್ನು ಪಂಪಿಂಗ್ ಅಂಕಿಯಿಂದ ಅಳೆಯಲಾಗದು ಎಂಬುದನ್ನು ಮೇಲೆ ಹೇಳಿದ ಅಧ್ಯಯನಗಳೇ ಕಲಿಸಿವೆ. ಅಂಕಿ ಏರದವರಲ್ಲೂ ಹೊಸ ರಕ್ತದಾರಿ ಮುಂದಿನ ಹೃದಯಾಘಾತದಿಂದ ಕಾಪಾಡುತ್ತಿರುತ್ತದೆ. ಐಸಿಡಿ ಇರುವುದು ಬೇರೆ ಅಪಾಯಕ್ಕೆ. ಹಳೆಯ ಗಾಯದ ಕಲೆಯ ಅಂಚಿನಲ್ಲಿ ವಿದ್ಯುತ್ ಸಂಕೇತಗಳು ಸುತ್ತು ಹಾಕಲು ತೊಡಗಿದರೆ ಹೃದಯ ಬಡಿಯುವ ಬದಲು ನಡುಗಲು ಶುರುವಾಗಿ, ನಿಮಿಷಗಳಲ್ಲಿ ಸಾವು ಸಂಭವಿಸಬಹುದು. ಬ್ಲಾಕ್ ಬಿಡಿಸಿದರೂ ಕಲೆ ಹೋಗುವುದಿಲ್ಲವಾದ್ದರಿಂದ ಈ ಅಪಾಯ ಉಳಿದಿರುತ್ತದೆ. ಐಸಿಡಿ ಅಂಥ ಲಯವನ್ನು ಗುರುತಿಸಿ ಒಳಗಿನಿಂದಲೇ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುತ್ತದೆ. ಪಂಪಿಂಗ್ ಹೆಚ್ಚಿಸುವುದಿಲ್ಲ, ದಮ್ಮು ತಗ್ಗಿಸುವುದಿಲ್ಲ. ಬೈಪಾಸ್ ಅಥವಾ ಸ್ಟೆಂಟ್ ಆದ ಮೇಲೆ ಸುಮಾರು ಮೂರು ತಿಂಗಳು, ಹೃದಯಾಘಾತದ ನಂತರ ಕನಿಷ್ಠ 40 ದಿನ ಪೂರ್ಣ ಔಷಧಿ ಕೊಟ್ಟು, ಆಗಲೂ ಪಂಪಿಂಗ್ ಶೇ 35 ದಾಟದಿದ್ದರೆ ಇದನ್ನು ಸೂಚಿಸುವುದು ವಾಡಿಕೆ. ನಿಮ್ಮ ವೈದ್ಯರು ಆ ಕ್ರಮದಲ್ಲೇ ನಡೆದಿದ್ದಾರೆ. ಆದರೆ ಒಂದು ಸಂಗತಿ ಖಚಿತಪಡಿಸಿಕೊಳ್ಳಿ: ಆಪರೇಷನ್ ನಂತರ ನಿಮ್ಮ ನಾಲ್ಕು ಬಗೆಯ ಮಾತ್ರೆಗಳನ್ನು ಮತ್ತೆ ಶುರುಮಾಡಿ ಡೋಸ್ ಏರಿಸಲಾಗಿದೆಯೇ? ಆಪರೇಷನ್ ವೇಳೆ ನಿಲ್ಲಿಸಿದ ಮಾತ್ರೆ ಬಿಡುಗಡೆಯ ಚೀಟಿಯಲ್ಲಿ ಮರಳಿ ಸೇರದೆ ಹೋಗುವುದುಂಟು. ಹಾಗಾಗಿದ್ದರೆ ಮೊದಲು ಅದನ್ನು ಸರಿಪಡಿಸಿ, ಮತ್ತೊಮ್ಮೆ ಎಕೋ ಮಾಡಿ, ಆಮೇಲೆ ಯಂತ್ರದ ಬಗ್ಗೆ ನಿರ್ಧರಿಸುವುದು ಸೂಕ್ತ.

ಪ್ರಶ್ನೆ: ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿ ನಾಲ್ಕು ತಿಂಗಳಾಗಿದೆ, ಪಂಪಿಂಗ್ ಶೇ 38. ಹಲ್ಲು ಕೀಳಿಸಬೇಕು. ಹಲ್ಲಿನ ವೈದ್ಯರ ಬಳಿ ಹೋಗುವ ಮುಂಚೆ ರಕ್ತ ತೆಳುವಾಗಿಸುವ ಎರಡೂ ಮಾತ್ರೆ ನಿಲ್ಲಿಸಬಹುದೇ?

ಉತ್ತರ: ನಿಲ್ಲಿಸಬೇಡಿ. ಹೃದಯಾಘಾತದ ನಂತರ ಹಾಕಿದ ಸ್ಟೆಂಟ್‌ಗೆ ಸಾಮಾನ್ಯವಾಗಿ ಒಂದು ವರ್ಷ ಎರಡೂ ಮಾತ್ರೆ ಬೇಕು. ನಡುವೆ ಬಿಟ್ಟರೆ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿ ಅದು ಒಮ್ಮೆಗೇ ಮುಚ್ಚಿಕೊಳ್ಳಬಹುದು, ಈಗಾಗಲೇ ಸೋತಿರುವ ಹೃದಯ ಅದನ್ನು ತಾಳಿಕೊಳ್ಳುವುದು ಕಷ್ಟ. ಒಂದೆರಡು ಹಲ್ಲು ಕೀಳುವಾಗ ಬರುವ ರಕ್ತವನ್ನು ಹತ್ತಿ ಒತ್ತಿ, ಬೇಕಾದರೆ ಹೊಲಿಗೆ ಹಾಕಿ ನಿಲ್ಲಿಸಬಹುದು. ಸ್ಟೆಂಟ್ ಹಾಕಿದ ದಿನಾಂಕ, ಮಾತ್ರೆಗಳ ಹೆಸರು ಇರುವ ಚೀಟಿಯನ್ನು ಹಲ್ಲಿನ ವೈದ್ಯರಿಗೆ ತೋರಿಸಿ. ತುರ್ತಿಲ್ಲದ ದೊಡ್ಡ ಚಿಕಿತ್ಸೆ ಏನಾದರೂ ಇದ್ದರೆ ನಿಮ್ಮ ಹೃದ್ರೋಗ ತಜ್ಞರನ್ನು ಕೇಳಿ ಒಂದು ವರ್ಷದ ಆಚೆಗೆ ಮುಂದೂಡಿ.